ದೊಡ್ಡಮ್ಮ ಕಲಿತ ತಾಯಿಚೀ

ಬಚ್ಚಲುಮನೆಯ ನೆಲವನ್ನು ನಾನು ಬಟ್ಟೆಯಲ್ಲಿ ಒರೆಸುತ್ತಿದ್ದೆ. ಒಮ್ಮೆ ಒರೆಸಿ, ಹಿಂಡಿ, ಮತ್ತೆ ಒರೆಸಿದೆ. ಮೂಲೆಯಲ್ಲಿ ಪಾಚಿ ಉಳಿದಿದೆಯೇನೋ ಎಂದು ಬೆರಳಾಡಿಸಿ ನೋಡಿದೆ. ದೊಡ್ಡಮ್ಮ ಬಾಗಿಲ ಹೊರಗೆ ಗೋಡೆಗೆ ಕೈಯೂರಿ ನಿಂತು ಕಾಯುತ್ತಿದ್ದರು.

ಸಂಕ್ರಾಂತಿ ಕಳೆದು ವಾರಕ್ಕೆ ಅವರು ಅಲ್ಲೇ ಜಾರಿ ಬಿದ್ದಿದ್ದರು. ಅರಸೀಕೆರೆಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿರಲಿಲ್ಲ. ಹದಿನೈದು ದಿನಕ್ಕೆ ಊತವೂ ಇಳಿಯಿತು. ಭಯ ಮಾತ್ರ ಇಳಿಯಲಿಲ್ಲ.

ದೊಡ್ಡಮ್ಮನ ಹೆಸರು ವಿಶಾಲಮ್ಮ. ಅರವತ್ತೆಂಟು ವರ್ಷ. ದೊಡ್ಡಪ್ಪ ಚನ್ನಬಸವಯ್ಯನವರಿಗೆ ಬಾಣಾವರದಲ್ಲಿ ಕೊಬ್ಬರಿ ವ್ಯಾಪಾರ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ, ಆವಾಗಿನಿಂದ ಇವರ ಮನೆಯಲ್ಲೇ ಇದ್ದು, ಮನೆಗೆಲಸದ ಜೊತೆಗೆ ಇಲ್ಲೇ ಕೂತು ಕೊಬ್ಬರಿಯನ್ನೂ ಸುಲಿಯುತ್ತೇನೆ.

ಮೊದಲು ದೊಡ್ಡಮ್ಮ ದಿನಾ ಬೆಳಿಗ್ಗೆ ಮಣೆ ಹಾಕಿಕೊಂಡು ಲಿಂಗಪೂಜೆಗೆ ಕೂರುತ್ತಿದ್ದರು. ಬಿದ್ದ ಮೇಲೆ ನೆಲಕ್ಕೆ ಕೂತರೆ ಏಳಿಸಲು ಇಬ್ಬರು ಬೇಕಾಯಿತು. ಅದಕ್ಕೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಪೂಜೆ ಮುಗಿಸುತ್ತಿದ್ದರು. "ಇದೇನು ಪೂಜೇನೋ, ಬಸ್ಸಿಗೆ ಕಾದಂಗೈತೆ" ಎಂದು ಮುಖ ತಿರುಗಿಸುತ್ತಿದ್ದರು.

ಇನ್ನೊಂದು ಸಂಗತಿಯನ್ನು ನಾನು ಮಾತ್ರ ಗಮನಿಸಿದ್ದೆ. ಬೆಳಿಗ್ಗೆ ಅವರ ಪಕ್ಕ ತುಂಬಿಟ್ಟ ಚೊಂಬು ಸಂಜೆಯಾದರೂ ಅರ್ಧ ಖಾಲಿಯಾಗುತ್ತಿರಲಿಲ್ಲ. ನೀರು ಕುಡಿದರೆ ಬಚ್ಚಲಿಗೆ ಏಳಬೇಕಲ್ಲ, ಅದಕ್ಕೆ.

ಒಂದು ದಿನ ಆಶಾ ಕಾರ್ಯಕರ್ತೆ ಇಂದಕ್ಕ ಬಿ.ಪಿ. ಮಾತ್ರೆ ವಿಚಾರಿಸಲು ಬಂದರು. ದೊಡ್ಡಮ್ಮ ಕುರ್ಚಿಯಿಂದ ಏಳಲು ಒದ್ದಾಡುವುದನ್ನು ನೋಡಿದರು.

"ಅಮ್ಮಾ, ಡಾಕ್ಟ್ರು ಓಡಾಡಿ ಅಂದಿದ್ರಲ್ಲ, ಓಡಾಡ್ತಿದ್ದೀರಾ?"

"ಎಲ್ಲಿ ಓಡಾಡ್ಲಿ ಇಂದೂ? ಬೀದೀಲಿ ನಾಯಿ, ಬೈಕು. ಮನೇಲಿ ನಾಲ್ಕು ಹೆಜ್ಜೆ ಇಟ್ರೆ ಗೋಡೆ."

"ನಿಂತ ಜಾಗದಲ್ಲೇ ಮಾಡೋ ವ್ಯಾಯಾಮ ಐತೆ. ಚೀನಾ ದೇಶದ್ದು. ಮೆಲ್ಲಗೆ ಕೈಕಾಲು ಆಡ್ಸೋದು. ವಯಸ್ಸಾದೋರು ಅದನ್ನ ಮಾಡ್ತಿದ್ರೆ ಬೀಳೋದು ಕಮ್ಮಿಯಾಗುತ್ತೆ ಅಂತ ನಮ್ಮ ಡಾಕ್ಟ್ರೇ ಹೇಳಿದ್ರು. ಫೋನಲ್ಲೇ ವಿಡಿಯೋ ಸಿಗುತ್ತೆ. ತಾಯಿಚೀ ಅಂತ."

ದೊಡ್ಡಪ್ಪ ಪೇಪರು ಕೆಳಗಿಟ್ಟರು. "ಏನಂದೆ? ತಾಯಿ, ಛೀ?"

"ಛೀ ಅಲ್ಲ ಯಜಮಾನ್ರೇ. ತಾಯ್, ಚೀ."

"ಬಿದ್ದೋಳಿಗೆ ಛೀ ಅನ್ನೋಕೆ ಈ ಮನೇಲಿ ಜನ ಸಾಲ್ದು ಅಂತ ಚೀನಾದಿಂದ ಬೇರೆ ಕರೆಸ್ಬೇಕಾ?" ಎಂದರು ದೊಡ್ಡಮ್ಮ.

ಇಂದಕ್ಕ ನಕ್ಕ ನಗುವಿಗೆ ಹೆಗಲಿನ ಬ್ಯಾಗು ಜಾರಿತು. ದೊಡ್ಡಪ್ಪ ನಗಲಿಲ್ಲ.

"ಅವೆಲ್ಲ ಕೆಲಸ ಇಲ್ದೋರಿಗೆ ಕಣಮ್ಮ. ಇವಳು ನಲವತ್ತು ವರ್ಷ ಕೊಬ್ಬರಿ ಸುಲಿದೋಳು. ಅದಕ್ಕಿಂತ ವ್ಯಾಯಾಮ ಬೇಕಾ?"

"ಕೂತ್ಕೊಂಡೇ ಸುಲಿದಿದ್ದಲ್ವಾ? ಅದಕ್ಕೇ ಕೈ ಗಟ್ಟಿ ಐತೆ, ಕಾಲಲ್ಲಿ ಕಸುವಿಲ್ಲ. ಒಂದು ಕಾಲ ಮೇಲೆ ಭಾರ ಹಾಕಿ ನಿಲ್ಲೋದು ಅದಕ್ಕೆ ಮರ್ತೋಗೈತೆ. ಮತ್ತೆ ಕಲಿಸ್ಬೇಕು."

"ಈ ವಯಸ್ಸಲ್ಲಿ ನಾನು ಕೈಕಾಲು ಆಡಿಸ್ತಾ ನಿಂತ್ರೆ ನೋಡ್ದೋರು ಏನಂತಾರೆ?" ಎಂದರು ದೊಡ್ಡಮ್ಮ.

"ಯಾರು ನೋಡ್ತಾರಮ್ಮ? ಬಾಗಿಲು ಹಾಕ್ಕೊಂಡು ಮಾಡಿ."

ಆ ಮಾತಿಗೆ ದೊಡ್ಡಮ್ಮ ಒಪ್ಪಿದರು.

ಮಾರನೆಯ ದಿನ ಬೆಳಿಗ್ಗೆ ಫೋನನ್ನು ಕಿಟಕಿಗೆ ಒರಗಿಸಿಟ್ಟು ವಿಡಿಯೋ ಹಾಕಿದೆ. ಬಿಳಿ ಬಟ್ಟೆಯ ಒಬ್ಬ ಟೀಚರಮ್ಮ ನೀರಿನಲ್ಲಿ ನಿಂತವರಂತೆ ನಿಧಾನವಾಗಿ ಕೈ ಆಡಿಸುತ್ತಿದ್ದರು. ದೊಡ್ಡಮ್ಮ ಪ್ಲಾಸ್ಟಿಕ್ ಕುರ್ಚಿ ಹಿಡಿದು ಹಾಗೇ ಮಾಡಿದರು. ಚೆನ್ನಾಗಿಯೇ ನಡೆದಿತ್ತು. ಒಲೆಯ ಮೇಲೆ ಹಾಲಿದ್ದದ್ದು ನೆನಪಾಗಿ ನಾನು ಒಳಗೆ ಹೋದೆ.

ಅಷ್ಟರಲ್ಲಿ ಆ ವಿಡಿಯೋ ಮುಗಿದು, ಫೋನು ತಾನಾಗಿಯೇ ಇನ್ನೊಂದನ್ನು ಹಾಕಿತು. ಅದು ಕುಣಿತದ ವ್ಯಾಯಾಮ. ಧಡಧಡ ಹಾಡು, ಬಲಕ್ಕೆ ಎರಡು ಹೆಜ್ಜೆ, ಎಡಕ್ಕೆ ಎರಡು, ಗಿರಕಿ. ಇದೂ ಪಾಠದ ಭಾಗವೇ ಇರಬೇಕು ಎಂದು ದೊಡ್ಡಮ್ಮ ಅದರ ಜೊತೆಗೇ ಹೆಜ್ಜೆ ಹಾಕಿದರು. ಕುರ್ಚಿ ಜಾರಿದ ಸದ್ದು ಕೇಳಿ ಓಡಿಬಂದೆ. ಪುಣ್ಯಕ್ಕೆ ಮಂಚದ ಮೇಲೆ ಕುಸಿದು ಕೂತಿದ್ದರು. ಏಟಾಗಿರಲಿಲ್ಲ.

ದೊಡ್ಡಪ್ಪ ಬಂದು ಫೋನು ಎತ್ತಿಟ್ಟುಬಿಟ್ಟರು.

ನಾಲ್ಕು ದಿನ ಬಿಟ್ಟು ಇಂದಕ್ಕ ಬಂದಾಗ ದೊಡ್ಡಪ್ಪ ಬಾಗಿಲಲ್ಲೇ ತಡೆದರು. "ನಿನ್ನ ತಾಯಿಚೀ ಸಾಕು ತಾಯೀ. ಇವಳು ಆರಾಮಾಗಿ ಕೂತವ್ಳೆ. ಕೂತೇ ಇರ್ಲಿ ಬಿಡು."

ದೊಡ್ಡಪ್ಪನ ಎದುರು ನಾನು ಮಾತಾಡುವುದು ಕಡಿಮೆ. ಆ ದಿನ ಚೊಂಬು ನನ್ನ ಕೈಯಲ್ಲೇ ಇತ್ತು. ಭಾರವಾಗಿಯೇ ಇತ್ತು.

"ಆರಾಮಾಗಿಲ್ಲ ದೊಡ್ಡಪ್ಪ" ಎಂದೆ. "ದೊಡ್ಡಮ್ಮ ನೀರೇ ಕುಡೀತಿಲ್ಲ. ಬಚ್ಚಲಿಗೆ ಹೋಗ್ಬೇಕಾಗುತ್ತಲ್ಲ ಅಂತ."

"ನಿಂಗ್ಯಾರೇ ಹೇಳಿದ್ದು?" ಎಂದು ದೊಡ್ಡಮ್ಮ ರೇಗಿದರು.

"ದಿನಾ ಚೊಂಬು ತುಂಬೋಳು ನಾನೇ ಅಲ್ವಾ?"

ದೊಡ್ಡಪ್ಪ ಅವರ ಕಡೆ ತಿರುಗಿದರು. "ಹೌದೇನೇ?"

ದೊಡ್ಡಮ್ಮ ಸೆರಗು ಸರಿಮಾಡಿಕೊಂಡರು.

ಇಂದಕ್ಕ ಒಳಗೆ ಬಂದು ಕೂತರು. "ನೀರು ಕುಡೀದೆ ಇದ್ರೆ ತಲೆ ಸುತ್ತುತ್ತೆ. ತಲೆ ಸುತ್ತಿದ್ರೆ ಮತ್ತೆ ಬೀಳ್ತೀರಿ. ಕೂತೇ ಇದ್ರೆ ಇರೋ ಶಕ್ತೀನೂ ಹೋಗುತ್ತೆ. ಯಜಮಾನ್ರೇ, ವ್ಯಾಯಾಮದ್ದಲ್ಲ ತಪ್ಪು. ನಾನೂ ಸರಿಯಾಗಿ ಹೇಳ್ಲಿಲ್ಲ, ನೀವೂ ಒಂಟಿಯಾಗಿ ಬಿಟ್ರಿ."

ದೊಡ್ಡಪ್ಪ ಎತ್ತಿಟ್ಟಿದ್ದ ಫೋನು ತಂದುಕೊಟ್ಟರು. ಇಂದಕ್ಕ ಒಂದೊಂದಾಗಿ ತೋರಿಸಿದರು. ಒಂದು ವಿಡಿಯೋ ಮುಗಿದ ಮೇಲೆ ಇನ್ನೊಂದು ತಾನಾಗಿ ಬರದಂತೆ ಫೋನಿನಲ್ಲಿ ಒತ್ತುವ ಗುಂಡಿ ತೋರಿಸಿದರು. ಹಗುರ ಕುರ್ಚಿ ಬೇಡ, ಅಲುಗದ ಕುರ್ಚಿ ಬೇಕು, ಅದನ್ನು ಗೋಡೆಗೆ ಒತ್ತಿಡಬೇಕು ಎಂದರು. ನೆಲ ಒಣಗಿರಬೇಕು. ಊಟವಾದ ಕೂಡಲೇ ಮಾಡಬಾರದು. ಪಕ್ಕದಲ್ಲಿ ಒಬ್ಬರು ನಿಂತೇ ಇರಬೇಕು. ತಲೆ ಸುತ್ತಿದರೆ, ಎದೆ ನೋವು ಬಂದರೆ, ಉಸಿರು ಕಟ್ಟಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು.

ಸಂಜೆ ದೊಡ್ಡಪ್ಪ ಅಂಗಡಿಯಲ್ಲಿ ತಾವು ಕೂರುವ ಮರದ ಕುರ್ಚಿಯನ್ನೇ ಆಟೋದಲ್ಲಿ ಹಾಕಿಸಿಕೊಂಡು ಬಂದರು. "ನೀವೆಲ್ಲಿ ಕೂರ್ತೀರಿ?" ಎಂದು ದೊಡ್ಡಮ್ಮ ಕೇಳಿದರೆ, "ಚೀಲದ ಮೇಲೆ" ಎಂದು ಹೊರಟುಹೋದರು.

ಇನ್ನೊಂದು ತೊಡಕಿತ್ತು. ಟೀಚರಮ್ಮನ ಇಂಗ್ಲಿಷು ನಮಗೆ ಅರ್ಥವಾಗುತ್ತಿರಲಿಲ್ಲ. "ಮೋಡದ ಥರ ಕೈ ಆಡಿಸಿ ಅಂತಾರೆ" ಎಂದು ಮಾರನೆಯ ದಿನ ಬಂದ ಇಂದಕ್ಕ ಹೇಳಿದರು.

"ಮೋಡಾನ ನಾನ್ಯಾವತ್ತು ಆಡ್ಸಿದೀನಿ?" ಎಂದರು ದೊಡ್ಡಮ್ಮ.

ನಾನು ಟೀಚರಮ್ಮನ ಕೈಗಳನ್ನು ನೋಡುತ್ತಲೇ ಇದ್ದೆ. ಅದು ನನಗೆ ಗೊತ್ತಿರುವ ಕೆಲಸವೇ ಎನಿಸಿತು. "ಗೋಡೆಗೆ ಸುಣ್ಣ ಬಳೀರಿ ದೊಡ್ಡಮ್ಮ. ಈ ಕಡೆಯಿಂದ ಆ ಕಡೆಗೆ, ಮೆಲ್ಲಗೆ" ಎಂದೆ. ಅವರ ಕೈ ತಾನಾಗಿ ಹೋಯಿತು. ಕೈಯ ಹಿಂದೆಯೇ ಮೈಯ ಭಾರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೋಯಿತು.

"ಅದೇ ಬೇಕಾಗಿದ್ದು ಕಣೇ ಅಕ್ಷತಾ!" ಎಂದರು ಇಂದಕ್ಕ.

ಅಲ್ಲಿಂದ ಎಲ್ಲದಕ್ಕೂ ನಮ್ಮ ಹೆಸರೇ. ಕೈ ಎತ್ತಿ ಇಳಿಸುವುದು ಅಟ್ಟದಿಂದ ಕಾಯಿ ಇಳಿಸೋದು. ಮುಂದಕ್ಕೆ ತಳ್ಳುವುದು ಬಾಗಿಲು ದೂಡೋದು. ವಿಡಿಯೋದಲ್ಲಿ ಎಡಬಲ ಗೊಂದಲವಾಗುತ್ತದೆ ಎಂದು ನಾನೇ ಪಕ್ಕ ನಿಲ್ಲುತ್ತಿದ್ದೆ. ಮೊದಲ ವಾರ ಐದೇ ನಿಮಿಷ. ಆಮೇಲೆ ಹತ್ತು.

"ನೀನೂ ದಿನಾಲೂ ಕೂತೇ ಸುಲೀತೀಯ. ನಿಂಗೆ ಬೆವರು ಬರೋ ಅಂಥದ್ದು ಬೇಕು" ಎಂದು ಇಂದಕ್ಕ ನನಗೆ ಆ ಕುಣಿತದ ವಿಡಿಯೋ ಹಚ್ಚಿದರು. ಮೊದಲು ನಿಧಾನದ ಹಾಡಿಗೆ ಮೈ ಸಡಿಲ ಮಾಡಿಕೊಂಡು, ಆಮೇಲೆ ಜೋರಿನದು, ಕೊನೆಗೆ ಮತ್ತೆ ನಿಧಾನದ್ದು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಕುಣಿಯುವಾಗ ದೊಡ್ಡಪ್ಪ ಹೊರಗಿನಿಂದ, "ಮೆಲ್ಲಗೆ ಕಣೇ, ಅಟ್ಟದ ಕಾಯೆಲ್ಲ ಉರುಳ್ತವೆ" ಎನ್ನುತ್ತಿದ್ದರು. ಬೇಡ ಎಂದು ಮಾತ್ರ ಒಂದು ದಿನವೂ ಅನ್ನಲಿಲ್ಲ. ತಿಂಗಳಾಗುವಷ್ಟರಲ್ಲಿ, ಕೂತು ಸುಲಿದು ಬಂದಿದ್ದ ನನ್ನ ಸೊಂಟದ ನೋವು ಹಗುರಾಗಿತ್ತು. ದೊಡ್ಡಮ್ಮನ ಚೊಂಬನ್ನು ದಿನಕ್ಕೆ ಮೂರು ಸಲ ತುಂಬಬೇಕಾಗುತ್ತಿತ್ತು.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ದೊಡ್ಡಮ್ಮ ಮಣೆ ತೆಗೆದು ನೆಲಕ್ಕೆ ಹಾಕಿದರು. ಯಾರನ್ನೂ ಕೇಳಲಿಲ್ಲ. ಕೂತು ಪೂಜೆ ಮುಗಿಸಿದರು. ದೊಡ್ಡಪ್ಪ ಏಳಿಸಲು ಕೈ ಚಾಚಿದರು.

"ಕೈ ಬೇಡ್ರೀ. ಸುಮ್ನೆ ನೋಡ್ತಿರಿ."

ಮರದ ಕುರ್ಚಿಯ ಮೇಲೆ ಒಂದು ಅಂಗೈ ಊರಿದರು. ಒಂದು ಮಂಡಿಯೂರಿ, ಇನ್ನೊಂದು ಪಾದವನ್ನು ನೆಲಕ್ಕೆ ಗಟ್ಟಿಯಾಗಿ ಒತ್ತಿದರು. ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಎದ್ದು ನಿಂತರು.

ದೊಡ್ಡಪ್ಪ ಅಂಗಡಿಗೆ ಹೊರಟರು. ಆ ದಿನ ಹನ್ನೊಂದು ಗಂಟೆಗೆ ಅಂಗಡಿಯಲ್ಲಿ ಕೊಬ್ಬರಿ ಸುಲಿಯುವ ಹೆಂಗಸರಿಗೆ, "ಎಲ್ರೂ ಕತ್ತಿ ಕೆಳಗಿಡಿ, ಹತ್ತು ನಿಮಿಷ ಎದ್ದು ನಿಂತ್ಕೊಳ್ಳಿ. ಸುಣ್ಣ ಬಳಿಯೋದು ಹೆಂಗೆ ಅಂತ ನಮ್ಮ ಅಕ್ಷತಾ ತೋರಿಸ್ತಾಳೆ" ಎಂದರಂತೆ. ನಾನು ಮನೆಯಲ್ಲಿದ್ದೆ. ಕರೆದುಕೊಂಡು ಹೋಗಲು ಆಟೋ ಬಂತು.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಮ್ಮಂದಿರೇ, ಕೆಲಸ ಮಾಡಿ ದಣಿಯುವುದೇ ವ್ಯಾಯಾಮ ಎಂದುಕೊಳ್ಳಬೇಡಿ. ಕೂತು ಮಾಡುವ ಕೆಲಸ ಕಾಲಿಗೆ ಏನನ್ನೂ ಕಲಿಸುವುದಿಲ್ಲ. ವಯಸ್ಸಾದವರಿಗೆ ನಿಧಾನದ ತಾಯಿಚೀ, ಗಟ್ಟಿಮುಟ್ಟಾಗಿರುವವರಿಗೆ ಕುಣಿತ. ಬಿ.ಪಿ., ಸಕ್ಕರೆ, ಮಂಡಿನೋವು ಇದ್ದವರು, ಹಿಂದೆ ಬಿದ್ದಿರುವವರು ಮೊದಲು ಡಾಕ್ಟರನ್ನು ಕೇಳಿ. ಇಂಗ್ಲಿಷು ತಿಳಿಯದಿದ್ದರೆ ಪರವಾಗಿಲ್ಲ, ಟೀಚರಮ್ಮನ ಕೈಯನ್ನು ನೋಡಿ, ನಿಮಗೆ ಗೊತ್ತಿರುವ ಹೆಸರಿಡಿ.

ಇದನ್ನು ನಿಮ್ಮ ಮಹಿಳಾ ಸಂಘದಲ್ಲಿ ಓದಿ ಮುಗಿಸಿದ ಕೂಡಲೇ ಯಾರೂ ಹೊರಡಬೇಡಿ. ನಿಮ್ಮ ಪಕ್ಕದಲ್ಲಿ ಕೂತಿರುವವರು ಏಳಲು ಹೆದರುತ್ತಿದ್ದಾರೇನೋ ನೋಡಿ. ಹೆದರುತ್ತಿದ್ದರೆ, ದಯವಿಟ್ಟು ಅವರ ಪಕ್ಕ ಹತ್ತು ನಿಮಿಷ ನಿಂತುಕೊಳ್ಳಿ.