ಯಾವೂರ ಹೊಗೆ

“ಏಯ್ ಮುದ್ಕಿ, ಒಲೆ ಆರಿಸ್ತೀಯೋ, ಇಲ್ಲ ದೋಣೀನೇ ಎತ್ತಿಸ್ಲೋ?”

ಎನಿಡ್ ತಲೆ ಎತ್ತಲಿಲ್ಲ. ಕಾಲುವೆ ದಂಡೆಯಲ್ಲಿ ಕೂತು, ಹೆಕ್ಕಿ ತಂದ ಹಲಗೆಗಳನ್ನು ಸೀಳುತ್ತಿದ್ದಳು. ಆ ಉದ್ದನೆಯ ದೋಣಿಯೇ ಅವಳ ಮನೆ. ಒಳಗೆ ಪಾರ್ಶ್ವವಾಯು ಹೊಡೆದ ಗಂಡ ವಿಲ್ಫ್ ಕಂಬಳಿ ಹೊದ್ದು ಮಲಗಿದ್ದ. ಇಂಗ್ಲೆಂಡಿನ ಜನವರಿ. ಒಲೆ ಆರಿದರೆ ಅವನೂ ಆರಿಹೋಗುತ್ತಾನೆಂಬ ಹೆದರಿಕೆ ಅವಳಿಗೆ.

“ಸೌದೆ ಒದ್ದೆ ಐತೆ ಸ್ವಾಮಿ, ಅದ್ಕೇ ಒಸಿ ಹೊಗೆ.”

“ಒದ್ದೇನೋ ಒಣಗಿದ್ದೋ, ನನಗೇನು! ದೋಣಿಗಳೂ ಹೊಗೆ ಬಿಡಬಾರ್ದು ಅನ್ನೋ ಕಾನೂನು ಬಂದಾಯ್ತು,” ಎಂದ ಊರಿನ ಕೌನ್ಸಿಲ್ ಅಧಿಕಾರಿ ಕ್ರಾಡಕ್. ಅವನ ಕೋಟು ಮಾತ್ರ ಬಲು ಬೆಚ್ಚಗಿತ್ತು.

ದಂಡೆಯ ಮೇಲಿನ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಹ್ಯಾಡ್ಲಿ ಮೇಡಂ ಬಗ್ಗಿದಳು. ದೂರು ಕೊಟ್ಟ ಮಹಾತಾಯಿ ಅವಳೇ. “ನನ್ನ ಪರದೆಗಳೆಲ್ಲ ಗಬ್ಬು ನಾರ್ತಿವೆ! ಈ ಜನ ಸ್ನಾನಾನಾದ್ರೂ ಮಾಡ್ತಾರೋ ಇಲ್ವೋ!”

ಆ ಪರದೆ ಒಗೆಯುವವಳು ಎನಿಡ್. ಮೇಡಂ ಚೆಂದಕ್ಕೆಂದು ಉರಿಸುವ ಒಲೆಯ ಬೂದಿ ಬಳಿಯುವವಳೂ ಅವಳೇ.

“ಅಮ್ಮಾವ್ರೂ ಸೌದೆ ಸುಡ್ತಾರಲ್ಲ ಸ್ವಾಮಿ?”

“ಅದು ಒಪ್ಪಿಗೆ ಸಿಕ್ಕಿರೋ ಒಲೆ.”

“ಓಹೋ, ಅದ್ರ ಹೊಗೆಗೆ ಅತ್ತರು ಬಳಿದವ್ರೆ!” ಪಕ್ಕದ ದೋಣಿಯ ನಾಬಿ ಗಹಗಹಿಸಿದ.

ಕ್ರಾಡಕ್‌ಗೆ ಮೈಯೆಲ್ಲ ಉರಿಯಿತು. ಸೀಳಿಟ್ಟ ಸೌದೆಯನ್ನು ಬೂಟುಗಾಲಲ್ಲಿ ಕಾಲುವೆಗೆ ಒದ್ದ. ಎನಿಡ್‌ಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು.

“ನಿಮ್ಮ ಎಲ್ಲೆ ಎಲ್ಲೀಗಂಟ ಸ್ವಾಮಿ?”

“ಅಗೋ, ಆ ಕಬ್ಬಿಣದ ಗೂಟದವರೆಗೆ. ಆಚೆ ಪಕ್ಕದೂರಿನ ಕೌನ್ಸಿಲ್ಲು. ದೋಣಿಗೆ ಕಾನೂನು ಮಾಡೋ ಬುದ್ಧಿ ಅವರಿಗಿನ್ನೂ ಬಂದಿಲ್ಲ.”

“ನಾಬಿ, ಬಾರೋ ಮೂದೇವಿ, ಕೈ ಹಾಕು!”

ಎನಿಡ್ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಇಬ್ಬರೂ ಜಗ್ಗಿದರು. ದೋಣಿ ನಿಧಾನಕ್ಕೆ ಜಾರಿತು. ಮೂತಿ ಗೂಟ ದಾಟಿತು, ಹೊಗೆ ಕೊಳವೆಯೂ ದಾಟಿತು. ಅಷ್ಟಕ್ಕೇ ನಿಲ್ಲಿಸಿ ಹಗ್ಗ ಬಿಗಿದಳು.

“ಏಯ್! ಅರ್ಧ ದೋಣಿ ಇನ್ನೂ ನಮ್ಮಲ್ಲೇ ಇದೆ!”

“ಇರ್ಲಿ ಬುಡಿ. ನನ್ ಗಂಡನ ಮಂಚ ನಿಮ್ಮೂರು, ಒಲೆ ಪಕ್ಕದೂರು. ಹೋಗಿ ಅವ್ರನ್ನೇ ಕೇಳು, ಹಲ್ಕಾ ನನ್ಮಗನೆ!”

ಕೊಕ್ಕೆಗೋಲಿನಿಂದ ನೀರಲ್ಲಿ ತೇಲುತ್ತಿದ್ದ ಸೌದೆ ಎಳೆದುಕೊಂಡು, ತೊಟ್ಟಿಕ್ಕುತ್ತಿದ್ದಂತೆಯೇ ಒಳಗೆ ಒಯ್ದು ಒಲೆಯ ಕೆಂಡದ ಮೇಲೆ ತುರುಕಿದಳು. ಮೊದಲು ಬರುತ್ತಿದ್ದದ್ದು ಏನೂ ಅಲ್ಲ. ಈಗ ದಟ್ಟ ಹೊಗೆ ಬುಸುಬುಸು ಎದ್ದು, ಗಾಳಿಗೆ ವಾಪಸು ತಿರುಗಿ ಗೂಟ ದಾಟಿ, ನೇರ ಬಾಲ್ಕನಿಗೆ ನುಗ್ಗಿತು. ಮೇಡಂ ಕೆಮ್ಮುತ್ತಾ ಕೂಗಿಕೊಂಡಳು.

ಎನಿಡ್ ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದಳು.

“ಈ ಸಲ ಪರದೆ ನೀವೇ ಒಕ್ಕೊಳ್ಳಿ ಅಮ್ಮಾವ್ರೆ!”