ಹುಬ್ಬಿನ ಮೇಲಿನ ಗುರುತು

ಚಹಾ ಸೋಸುತ್ತಿದ್ದಾಗ ಹಜಾರದ ಮಾತು ಒಮ್ಮೆಲೇ ನಿಂತುಹೋಯಿತು. ಸಾವಿನ ಮನೆಯಲ್ಲಿ ಮಾತು ಇಳಿಯುತ್ತದೆ, ಏರುತ್ತದೆ, ಹೊಸಬರು ಬಂದಾಗ ಅಳುವಾಗುತ್ತದೆ. ಹೀಗೆ ಕತ್ತರಿಸಿದ ಹಾಗೆ ನಿಲ್ಲುವುದಿಲ್ಲ. ಪುಟ್ಟಿ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಪಾತ್ರೆ ವಾಲಿತು. ಕುದಿಯುವ ಚಹಾ ಎಡ ಮಣಿಕಟ್ಟಿನ ಮೇಲೆ ಹರಿಯಿತು.

"ಅಯ್ಯೋ, ತಣ್ಣೀರು ಬಿಡು, ತಣ್ಣೀರು ಬಿಡು," ಅನ್ನುತ್ತ ಅತ್ತಿಗೆ ಅವಳ ಕೈ ಎಳೆದು ನಲ್ಲಿಯ ಕೆಳಗೆ ಹಿಡಿದಳು.

ಅಷ್ಟರಲ್ಲಿ ಅಣ್ಣ ಒಳಗೆ ಬಂದ. ಮುಖ ಬಿಳಿಚಿಕೊಂಡಿತ್ತು. "ಪುಟ್ಟೀ, ನೀನು ಹೊರಗೆ ಬರಬೇಡ. ಅವನು ಬಂದಿದಾನೆ."

"ಅವನು ಅಂದ್ರೆ?"

"ಗಡಿಯಾರದವನು."

ಅತ್ತಿಗೆ ಹಿಡಿದ ಕೈ ಬಿಟ್ಟಳು.

ತೀರಿಕೊಂಡ ಅಮ್ಮ ದುಡಿದದ್ದು ಅಪರಾಧಿಗಳ ಮನಸ್ಸನ್ನು ಅಧ್ಯಯನ ಮಾಡುವ ಸಂಶೋಧನಾ ವಿಭಾಗದಲ್ಲಿ. ಬುದ್ಧಿ ಸ್ವಾಧೀನ ತಪ್ಪಿದಾಗ ಕೊಲೆ ಮಾಡಿ, ಆಸ್ಪತ್ರೆಯ ಬೀಗದ ವಾರ್ಡಿನಲ್ಲಿ ವರ್ಷಗಟ್ಟಲೆ ಇದ್ದು, ಗುಣವಾಗಿ ಹೊರಬಂದವರು ಆಮೇಲೆ ಹೇಗೆ ಬಾಳುತ್ತಾರೆ ಅನ್ನುವುದನ್ನು, ಅವರು ಒಳಗಿದ್ದಾಗಲೇ ಪರಿಚಯ ಮಾಡಿಕೊಂಡು, ಅವಳು ಹಿಂಬಾಲಿಸಿ ನೋಡುತ್ತಿದ್ದಳು. ನಿವೃತ್ತಿಯಾದ ಮೇಲೂ ಬಿಡದೆ, ವರ್ಷಕ್ಕೊಮ್ಮೆ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಬೇಕು. ಅವರೆಲ್ಲ ಅವಳನ್ನು ಪ್ರಶ್ನೆಯಮ್ಮ ಅನ್ನುತ್ತಿದ್ದರು. ಯಾರ ವಿಷಯವನ್ನೂ ಅವಳು ಮನೆಯಲ್ಲಿ ಆಡಿದವಳಲ್ಲ. ಆದರೆ ಗಡಿಯಾರ ರಿಪೇರಿಯವನ ಕತೆ ಒಂದು ಕಾಲಕ್ಕೆ ಪತ್ರಿಕೆಯಲ್ಲೆಲ್ಲ ಬಂದಿತ್ತು. ಹೆತ್ತ ತಾಯಿಯ ರೂಪದಲ್ಲಿ ಬೇರೆ ಯಾರೋ ತನ್ನ ಮನೆಯಲ್ಲಿ ಓಡಾಡುತ್ತಿದ್ದಾರೆಂದು ನಂಬಿ, ಆ ತಾಯಿಯನ್ನೇ ಕೊಂದವನು ಅವನು.

"ಬಂದು ಏನು ಮಾಡಿದ?" ಪುಟ್ಟಿ ಕೇಳಿದಳು.

"ಏನೂ ಮಾಡಿಲ್ಲ. ಅಮ್ಮನ ಮುಖ ನೋಡಿದ. 'ಇದು ಅವರಲ್ಲ' ಅಂದ. ಅಷ್ಟೆ. ಅಲ್ಲೇ ನಿಂತಿದಾನೆ." ಅಣ್ಣ ಆಗಲೇ ಜೇಬಿನಿಂದ ಫೋನ್ ತೆಗೆದಿದ್ದ. "ಪೊಲೀಸರನ್ನ ಕರೆಸ್ತೀನಿ."

"ಸ್ವಲ್ಪ ತಾಳಪ್ಪ." ಬಾಗಿಲಲ್ಲಿ ಸಿಸ್ಟರ್ ನಿಂತಿದ್ದರು. ಆ ವಾರ್ಡಿನಲ್ಲೇ ನಿವೃತ್ತಿಯಾದ ದಾದಿ, ಅಮ್ಮನ ಏಕೈಕ ಗೆಳತಿ. "ಈ ಒಂದು ಮಾತಿಗೆ ಪೊಲೀಸು ಬಂದ್ರೆ ಅವನು ಸೀದಾ ಬೀಗದ ವಾರ್ಡಿಗೆ. ಈ ವಯಸ್ಸಲ್ಲಿ ಒಳಗೆ ಹೋದವನು ಮತ್ತೆ ಹೊರಗೆ ಬರಲ್ಲ."

"ಬರದಿದ್ರೆ ಒಳ್ಳೇದೇ ಆಯ್ತು. ಮನೆ ತುಂಬ ಮಕ್ಕಳಿದಾರೆ ಸಿಸ್ಟರ್."

"ಅದೂ ನಿಜಾನೇ. ಕಾಯಿಲೆ ತಿರುಗಿದ್ರೆ ಫೋನ್ ನಾನೇ ಮಾಡ್ತೀನಿ. ತಿರುಗಿದ್ಯೋ ಇಲ್ವೋ ಅಂತ ಯಾರಾದ್ರೂ ಕೂತು ಕೇಳಬೇಕು."

"ನೀವೇ ಕೇಳಿ ಮತ್ತೆ."

"ನನ್ನ ಹತ್ರ ಬಾಯಿ ಬಿಡಲ್ಲ. ಅಷ್ಟು ವರ್ಷ ಇಂಜೆಕ್ಷನ್ ಚುಚ್ಚಿದೀನಿ. ನನ್ನ ಮುಖ ಕಂಡ್ರೆ ಅವನಿಗೆ ಈಗಲೂ ಸೂಜಿ ನೆನಪಾಗತ್ತೆ."

ಪುಟ್ಟಿ ನಲ್ಲಿ ನಿಲ್ಲಿಸಿದಳು. 'ಇದು ಅವರಲ್ಲ.' ಬೆಳಿಗ್ಗೆ ಅತ್ತಿಗೆ ಅಮ್ಮನಿಗೆ ಹೊಸ ಸೀರೆ ಉಡಿಸಿ, ತಲೆ ಬಾಚಿ, ಮುಖಕ್ಕೆ ಪೌಡರ್ ಹಚ್ಚಿ ಮಲಗಿಸಿದಾಗ ಅವಳಿಗೂ ಹಾಗೇ ಅನ್ನಿಸಿತ್ತು. ಇದು ಅಮ್ಮ ಅಲ್ಲ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡಿದ್ದಳು. ಅವಳು ಆಡಿದ್ದರೆ ಎಲ್ಲರೂ ಬೆನ್ನು ಸವರುತ್ತಿದ್ದರು.

"ಅವರನ್ನ ಇಲ್ಲಿಗೆ ಕಳಿಸಿ," ಅಂದಳು.

"ಹುಚ್ಚಾ ನಿಂಗೆ?" ಅಣ್ಣ ಗದರಿದ.

"ಬಾಗಿಲಾಚೆ ನೀನು ನಿಂತಿರು. ಫೋನ್ ಕೈಯಲ್ಲೇ ಇರಲಿ."

"ಅಮ್ಮನ್ನ ಒಯ್ಯೋ ವಾಹನ ಬರೋ ತನಕ. ಅಷ್ಟೇ ಹೊತ್ತು," ಅಂದ ಅಣ್ಣ.

ಅತ್ತಿಗೆ ಅಡುಗೆಮನೆಯ ಚಾಕು, ಕತ್ತರಿಗಳನ್ನೆಲ್ಲ ಒಗೆಯುವ ಬಟ್ಟೆಯ ಬುಟ್ಟಿಗೆ ಹಾಕಿದಳು. ಯೋಚಿಸಿ ತೆಂಗಿನಕಾಯಿ ತುರಿಯುವ ಮಣೆಯನ್ನೂ ಮೇಲಿಟ್ಟುಕೊಂಡು ಹೊರಟುಹೋದಳು.

*

ಅವಳಿಗೆ ಹನ್ನೆರಡು ವರ್ಷವಿದ್ದಾಗ, ಶಾಲೆಗೆ ರಜೆಯೆಂದು ಅಮ್ಮ ಕಚೇರಿಗೆ ಕರೆದುಕೊಂಡು ಹೋಗಿದ್ದಳು. ಉದ್ದನೆಯ ಕಾರಿಡಾರು, ಫಿನಾಯಿಲ್ ವಾಸನೆ, ಕೊನೆಗೊಂದು ಗಾಜಿನ ಕಿಂಡಿಯ ಬಾಗಿಲು. "ಈ ಬೆಂಚಿನ ಮೇಲಿಂದ ಏಳಬೇಡ," ಎಂದು ಹೇಳಿ ಅಮ್ಮ ಒಳಗೆ ಹೋದಳು. ಕಾರಿಡಾರಿನಲ್ಲಿ ಬಂದ ವಿಭಾಗದ ನಿರ್ದೇಶಕರು ಕಿಂಡಿಯಲ್ಲಿ ಇಣುಕಿ, ಜೊತೆಯಲ್ಲಿದ್ದವರಿಗೆ ಸಿಡುಕಿದರು: "ಮತ್ತೆ ಅದೇ ಮಾಡಿದಾಳೆ ನೋಡ್ರಿ. ಬಾಗಿಲ ಪಕ್ಕದ ಕುರ್ಚಿ ನಮ್ಮದು. ಏನಾದ್ರೂ ಆದ್ರೆ ಮೊದಲು ನಾವು ಓಡಬೇಕು. ಅದನ್ನೇ ಅವರಿಗೆ ಕೊಟ್ಟು ತಾನು ಗೋಡೆಗೆ ಅಂಟಿಕೊಂಡು ಕೂರ್ತಾಳೆ. ಕೇಳಿದ್ರೆ, ಎದ್ದು ಹೋಗಬಹುದು ಅಂತ ಗೊತ್ತಿರೋನು ಕೂತಿರ್ತಾನೆ ಅಂತಾಳೆ."

ಅವರು ಹೋದ ಮೇಲೆ ಪುಟ್ಟಿಯೂ ಎದ್ದು ಇಣುಕಿದಳು. ಒಬ್ಬ ಯುವಕನ ಬೆನ್ನು ಕಂಡಿತು. ಎದುರಿಗೆ ಅಮ್ಮ. ಅಮ್ಮ ಕನ್ನಡಕ ತೆಗೆದಳು. ತೆಗೆದು, ಮುಂದೆ ಬಾಗಿ, ಮುಖವನ್ನು ದೀಪದ ಬೆಳಕಿಗೆ ತಂದು ಸುಮ್ಮನೆ ಹಿಡಿದಳು. ಯುವಕ ಆ ಮುಖವನ್ನು ನೋಡುತ್ತಲೇ ಇದ್ದ. ಅಮ್ಮ ಕಣ್ಣು ಕದಲಿಸಲಿಲ್ಲ. ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ, ಅಮ್ಮ ತನ್ನ ಮುಖವನ್ನು ಯಾರಿಗೂ ಕೊಟ್ಟದ್ದನ್ನು ಅವಳು ಕಂಡಿರಲಿಲ್ಲ. ಅಪ್ಪನಿಗೂ. ತನಗಂತೂ ಇಲ್ಲವೇ ಇಲ್ಲ.

ಬೆಂಚಿಗೆ ಮರಳಿ ಕೂತಳು. ಕಂಡದ್ದನ್ನು ಯಾರಿಗೂ ಹೇಳಲಿಲ್ಲ. ದೊಡ್ಡವಳಾಗಿ, ಮದುವೆಯಾಗಿ, ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಅಳೆಯುವ ಕೆಲಸ ಹಿಡಿದ ಮೇಲೂ ಅದು ಒಳಗೆ ಹಾಗೆಯೇ ಇತ್ತು.

*

ಗಡಿಯಾರದವನು ಒಳಗೆ ಬಂದ. ಈಗ ಮುದುಕ. ಬೆನ್ನು ಬಾಗಿತ್ತು, ಅಂಗಿಯ ಕಾಲರು ಸವೆದಿತ್ತು. ಬೆರಳುಗಳು ಮಾತ್ರ ಹುಡುಗನ ಬೆರಳುಗಳ ಹಾಗೆ ನವಿರಾಗಿದ್ದವು. ಪುಟ್ಟಿ ಬಾಗಿಲ ಪಕ್ಕದ ಕುರ್ಚಿಯನ್ನು ಅವನ ಕಡೆ ತಳ್ಳಿ, ಒಲೆಯ ಬದಿಯ ಗೋಡೆಗೆ ಒರಗಿ ಕೂತಳು. ಕೂತ ಮೇಲೆ ಹೊಳೆಯಿತು: ಓಡಬೇಕಾಗಿ ಬಂದರೆ ಅವನನ್ನು ದಾಟಿಯೇ ಓಡಬೇಕು.

"ನಿದ್ದೆ ಮಾಡ್ತಿದೀರಾ?"

"ಸುದ್ದಿ ಗೊತ್ತಾದ ಮೇಲೆ ಇಲ್ಲ."

"ಮಾತ್ರೆ?"

"ಬೆಳಿಗ್ಗೆ ನುಂಗಿದೆ." ಅವನು ಅವಳನ್ನೇ ನೋಡಿದ. "ನುಂಗಿಲ್ಲ ಅಂದಿದ್ರೆ ಏನು ಮಾಡ್ತಿದ್ರಿ?"

"ಸಿಸ್ಟರನ್ನ ಕರೀತಿದ್ದೆ."

"ಅದಕ್ಕೇ ನುಂಗಿದೆ."

ನಗೆಯೋ ಏನೋ, ಅವನ ತುಟಿ ಅಲುಗಿ ಹಾಗೇ ನಿಂತಿತು. ಬಾಗಿಲಾಚೆ ಅಣ್ಣನ ಚಪ್ಪಲಿ ಸರಿದ ಸದ್ದು. ಅವನು ತಟ್ಟನೆ ಹಿಂದೆ ತಿರುಗಿದ. ಮತ್ತೆ ಈ ಕಡೆ ತಿರುಗಿದಾಗ ಕೈಗಳೆರಡೂ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು.

"ಹಜಾರದಲ್ಲಿ ಮಲಗಿರೋದು ಯಾರು?" ಎಂದು ಕೇಳಿದಳು.

"ಗೊತ್ತಿಲ್ಲ. ಅವರ ಹಾಗೇ ಮಾಡಿಟ್ಟಿದಾರೆ."

"ಯಾರು ಮಾಡಿಟ್ಟಿರೋದು?"

"ನಂಗೇನು ಗೊತ್ತು? ಇದು ನಿಮ್ಮ ಮನೆ. ನೀವೇ ಹೇಳಬೇಕು." ಅವನ ದನಿ ಏರಿತು. "ಅವರನ್ನ ಎಲ್ಲಿಟ್ಟಿದೀರಿ?"

ಅಣ್ಣ ಬಾಗಿಲಿಗೆ ಬಂದು ನಿಂತ. ಫೋನ್ ಆಗಲೇ ಕಿವಿಯ ಹತ್ತಿರವಿತ್ತು. ಪುಟ್ಟಿ ಅವನತ್ತ ಅಂಗೈ ಎತ್ತಿದಳು. ಮುಂದಿನ ಮಾತು ಅವಳು ಯೋಚಿಸಿ ಆಡಿದ್ದಲ್ಲ. ತಾನೇ ಬಾಯಿಂದ ಬಂತು.

"ಹಾಗಂತ ಅನ್ನಿಸ್ತಿರೋದು ಯಾವಾಗಿಂದ?"

*

ಅಮ್ಮನ ಆ ಮಾತನ್ನು ಪುಟ್ಟಿ ದ್ವೇಷಿಸುತ್ತಿದ್ದಳು. ಜ್ವರ ಬಂದರೂ ಯಾವಾಗಿಂದ, ಗೆಳತಿ ಮಾತು ಬಿಟ್ಟರೂ ಯಾವಾಗಿಂದ. ಗಂಡನ ಮನೆಯಿಂದ ಪೆಟ್ಟಿಗೆ ಹೊತ್ತು ಬಂದು ನಿಂತ ದಿನವೂ ಅಮ್ಮ ತಬ್ಬಿಕೊಳ್ಳಲಿಲ್ಲ. ಈ ಅಡುಗೆಮನೆಯಲ್ಲೇ, ಈ ಮೇಜಿನ ಮುಂದೆಯೇ ಕೂರಿಸಿ ಕೇಳಿದ್ದಳು: "ಯಾವಾಗಿಂದ ಹೀಗಿದೆ?"

"ನಾನೇನು ನಿನ್ನ ಆ ಕೊಲೆಗಾರರಲ್ಲಿ ಒಬ್ಬಳಾ?" ಪುಟ್ಟಿ ಕಿರುಚಿದ್ದಳು. "ನಿಂಗೆ ನನಗಿಂತ ಅವರೇ ಹೆಚ್ಚು. ಯಾವಾಗಲೂ ಅಷ್ಟೇ."

ಅಮ್ಮ ಮೂಗಿನ ಮೇಲೆ ಜಾರಿದ ದಪ್ಪ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡಳು. ಹಗುರವಾದ ಚೌಕಟ್ಟು ಹಾಕಿಕೊಡುತ್ತೇನೆಂದು ಅಂಗಡಿಯಲ್ಲಿ ಮಗಳು ಎಷ್ಟು ಸಲ ಗೋಗರೆದರೂ ಒಪ್ಪಿದವಳಲ್ಲ. ಮೇಲಂಚು ಹುಬ್ಬು ಮುಚ್ಚುವಷ್ಟು ದಪ್ಪ ಇರಬೇಕು, ಅಷ್ಟೇ ಅವಳ ಹಟ.

"ಹಾಗಂತ ಅನ್ನಿಸ್ತಿರೋದು ಯಾವಾಗಿಂದ, ಪುಟ್ಟಿ?" ಅಂದಿದ್ದಳು ಅಮ್ಮ.

ಅವಳು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಹೇಳಬೇಕಿತ್ತು: ಹನ್ನೆರಡನೇ ವಯಸ್ಸಿಂದ.

*

ಗಡಿಯಾರದವನು ಉತ್ತರ ಕೊಟ್ಟ.

"ಈಗಿಂದ." ಮೇಜಿನ ಅಂಚು ಬಿಟ್ಟು ಕೈ ತೊಡೆಯ ಮೇಲಿಟ್ಟುಕೊಂಡ. "ಬಸ್ಸಲ್ಲಿ ಅಳ್ತಾ ಬಂದೆ. ಅವರು ಹೋದ್ರು ಅಂತಾನೇ ಅಳ್ತಾ ಬಂದೆ. ಇಲ್ಲಿ ನೋಡಿದ್ರೆ ಗುರುತೇ ಇಲ್ಲ."

"ಯಾವ ಗುರುತು?"

ಅವನು ಬೆರಳು ಎತ್ತಿ ತನ್ನ ಎಡ ಹುಬ್ಬಿನ ತುದಿಗೆ ಮುಟ್ಟಿಸಿಕೊಂಡ. "ನಾನು ಮಾಡಿದ್ದು."

"ಅಮ್ಮ ಮೆಟ್ಟಿಲಿಂದ ಜಾರಿ ಬಿದ್ದಾಗ ಆದದ್ದು ಅದು."

"ಮನೇಲಿ ಹಾಗೆ ಹೇಳಿದ್ರಾ?" ಅವನು ಬೆರಳು ಕೆಳಗಿಳಿಸಿದ. "ಅವರು ಮೊದಲನೇ ಸಲ ವಾರ್ಡಿಗೆ ಬಂದಾಗ ಇವರೂ ನಕಲಿ ಅಂದ್ಕೊಂಡೆ. ಸ್ಟೂಲ್ ಎತ್ತಿ ಹೊಡೆದೆ. ರಕ್ತ ಕಂಡು ನಾನೇ ಮಂಚದ ಕೆಳಗೆ ಸೇರ್ಕೊಂಡೆ. ಇನ್ನು ಈಯಮ್ಮ ಬರಲ್ಲ ಅಂದ್ರು ಎಲ್ಲ. ಗಾಯ ಒಣಗಿದ ಮೇಲೆ ಬಂದ್ರು. ಕನ್ನಡಕ ತೆಗೆದು ತೋರಿಸಿದ್ರು. ಇದು ನಿನ್ನ ಕೈಕೆಲಸ, ಬೇರೆ ಯಾರೂ ನಕಲು ಮಾಡಕ್ಕಾಗಲ್ಲ, ಅನುಮಾನ ಬಂದಾಗೆಲ್ಲ ನೋಡ್ಕೋ ಅಂದ್ರು. ನಾವು ಗಡಿಯಾರ ಬಿಚ್ಚಿದ್ರೆ ಮುಚ್ಚಳದ ಒಳಗೆ ಒಂದು ಗೀರು ಹಾಕ್ತೀವಲ್ಲ, ಹಾಗೆ. ಮತ್ತೆ ಬಂದಾಗ ನಮ್ಮದೇ ಅಂತ ಗೊತ್ತಾಗಬೇಕು. ಪ್ರತಿ ವರ್ಷ ಮೊದಲು ಗುರುತು ನೋಡ್ತಿದ್ದೆ. ಆಮೇಲೇ ಪ್ರಶ್ನೆ."

ಕನ್ನಡಕ ತೆಗೆದು ಮುಖವನ್ನು ಬೆಳಕಿಗೆ ಹಿಡಿದ ಅಮ್ಮ. ಪುಟ್ಟಿಗೆ ಆ ಗಾಜಿನ ಕಿಂಡಿ ನೆನಪಾಯಿತು. ಇಷ್ಟೇನಾ? ಇಷ್ಟಕ್ಕೇನಾ ತಾನು ಇಷ್ಟು ವರ್ಷ ಒಳಗೊಳಗೇ ಬೆಂದದ್ದು?

ಹೊರಗೆ ವಾಹನದ ಹಾರ್ನ್ ಕೇಳಿತು. "ಸಾಕು ಪುಟ್ಟಿ," ಅಂದ ಅಣ್ಣ. "ಬಂತು."

ಅವಳು ಎದ್ದಳು. ಅವನೂ ಎದ್ದ. ಇಕ್ಕಟ್ಟಾದ ಜಾಗದಲ್ಲಿ ಇಬ್ಬರೂ ಎದುರುಬದುರು ನಿಂತರು. ಅವನ ಉಸಿರು ಅವಳ ಹಣೆಗೆ ತಾಕುತ್ತಿತ್ತು.

"ದಾರಿ ಬಿಡಿ," ಅಂದಳು. "ನನ್ನ ಜೊತೆ ಬನ್ನಿ."

ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದ.

ಹಜಾರದ ಜನ ಅವನಿಗಾಗಿ ಗೋಡೆಯ ಕಡೆ ಸರಿದುಕೊಂಡರು. ಪುಟ್ಟಿ ಒದ್ದೆ ಬಟ್ಟೆ ಹಿಡಿದು ಅಮ್ಮನ ತಲೆಯ ಬಳಿ ಮಂಡಿಯೂರಿದಳು. ಹುಬ್ಬಿನ ಖಾಲಿ ಜಾಗವನ್ನು ಅತ್ತಿಗೆ ಕಪ್ಪು ಪೆನ್ಸಿಲಿನಿಂದ ತುಂಬಿ, ಮೇಲೆ ಪೌಡರ್ ಮೆತ್ತಿದ್ದಳು.

"ಏನೇ ಅದು? ಚೆನ್ನಾಗಿ ಕಾಣಲಿ ಅಂತ ಮಾಡಿದ್ದು ಕಣೇ," ಅಂದಳು ಅತ್ತಿಗೆ.

ಪುಟ್ಟಿ ಒರೆಸಿದಳು. ಚರ್ಮ ಕಲ್ಲಿನಂತೆ ತಣ್ಣಗಿತ್ತು. ಪೌಡರ್ ಹೋಯಿತು. ಕಪ್ಪು ಹರಡಿ ಇನ್ನಷ್ಟು ಕೆಟ್ಟಿತು. ಮತ್ತೆ ಒರೆಸಿದಳು. ಹುಬ್ಬನ್ನು ಸೀಳಿಕೊಂಡು ಹೋದ ಬಿಳಿಯ ಗೆರೆ ನಿಧಾನವಾಗಿ ಮೇಲೆದ್ದಿತು.

ಅವನು ಬಾಗಿದ. ಕೈ ಅಭ್ಯಾಸಬಲದಿಂದ ಜೇಬಿಗೆ ಹೋಗಿ, ಕಣ್ಣಿಗೆ ಇಟ್ಟುಕೊಳ್ಳುವ ಭೂತಗನ್ನಡಿಯನ್ನು ಅರ್ಧ ತೆಗೆದು, ಹಾಗೆಯೇ ಒಳಗೆ ಬಿಟ್ಟಿತು. ಅಣ್ಣನ ಬೆರಳು ಫೋನಿನ ಮೇಲಿತ್ತು. ಹೊರಗೆ ಚಾಲಕ ಮತ್ತೊಮ್ಮೆ ಹಾರ್ನ್ ಒತ್ತಿದ.

"ಇವರೇ," ಅಂದ ಅವನು.

ಆಮೇಲೆ ಪುಟ್ಟಿಯ ಕಡೆ ತಿರುಗಿ, ದಾರಿ ಕೇಳುವವನ ಹಾಗೆ ಕೇಳಿದ: "ಹಾಗಾದ್ರೆ ಹೋಗೇಬಿಟ್ಟರಾ?"

"ಹ್ಞೂಂ. ಹೋಗಿಬಿಟ್ಟಳು."

ಅವನು ನೆಲದ ಮೇಲೆ ಕುಸಿದು ಕೂತು, ಮೊಣಕಾಲಿಗೆ ಹಣೆ ಒತ್ತಿ ಅಳತೊಡಗಿದ. ಬೆಳಗಿನಿಂದ ಒಣಗಿದ್ದ ಪುಟ್ಟಿಯ ಕಣ್ಣೂ ತುಂಬಿತು.

"ಅಷ್ಟೇನಾ?" ಮೂಲೆಯಿಂದ ದೊಡ್ಡಮ್ಮ ಪಿಸುಗುಟ್ಟಿದಳು. "ಇದಕ್ಕೆ ನನ್ನ ಜೀವ ಬಾಯಿಗೆ ಬಂದಿತ್ತಲ್ಲೇ."

ಸಿಸ್ಟರ್ ಪುಟ್ಟಿಯ ಪಕ್ಕ ಬಾಗಿ, ಅವಳೊಬ್ಬಳಿಗೇ ಕೇಳುವಂತೆ ಅಂದರು: "ಆ ಗಾಯಕ್ಕೆ ಹೊಲಿಗೆ ಹಾಕಿದ್ದು ನಾನೇ. ಅವನು ಹೊಡೆದದ್ದು ಅಂತ ಬರೆದಿಟ್ರೆ ಅವನ ಬಿಡುಗಡೆ ದೂರ ಹೋಗತ್ತೆ, ಮೆಟ್ಟಿಲಿಂದ ಬಿದ್ದದ್ದು ಅಂತ ಹೇಳು ಅಂದ್ಲು ನಿಮ್ಮಮ್ಮ."

*

ಎಲ್ಲ ಮುಗಿಸಿ ಚಿತಾಗಾರದಿಂದ ಹೊರಬಂದಾಗ ಸಿಸ್ಟರ್ ಅವನ ತೋಳು ಹಿಡಿದಿದ್ದರು. "ನಿದ್ದೆ ಇಲ್ಲ ಅಂದಮೇಲೆ ಡಾಕ್ಟರು ನೋಡಲೇಬೇಕು. ಈಗಲೇ ಕರ್ಕೊಂಡು ಹೋಗ್ತೀನಿ."

"ಸೂಜೀನಾ?"

"ಡಾಕ್ಟರು ಹೇಳಿದ್ರೆ ಸೂಜೀನೇ."

ಅವನು ಎರಡು ಹೆಜ್ಜೆ ಇಟ್ಟು ನಿಂತ. "ಮುಂದಿನ ವರ್ಷ ಪ್ರಶ್ನೆ ಕೇಳಕ್ಕೆ ಯಾರು ಬರ್ತಾರೆ?"

"ವಿಭಾಗದಿಂದ ಯಾರನ್ನಾದ್ರೂ ಕಳಿಸ್ತಾರೆ ಬಿಡು."

"ಯಾರೋ ಬಂದು, ನಾನು ಪ್ರಶ್ನೆಯಮ್ಮನ ಕಡೆಯೋಳು ಅಂದ್ರೆ ಹೇಗೆ ನಂಬಲಿ?"

ಅವನ ಕಣ್ಣು ಪುಟ್ಟಿಯ ಮಣಿಕಟ್ಟಿನ ಮೇಲೆ ನಿಂತಿತು. ಕೆಂಪಗೆ ಊದಿ ಗುಳ್ಳೆ ಎದ್ದಿತ್ತು. "ಅದೇನು?"

"ಚಹಾ ಚೆಲ್ಲಿತು. ನೀವು ಬಂದ ಹೊತ್ತಿಗೆ."

"ನಾನು ಬಂದದ್ದಕ್ಕಾ?"

"ಹೌದು."

ಅವನು ಅದನ್ನು ನೋಡುತ್ತಲೇ ಇದ್ದ, ಸಿಸ್ಟರ್ ಎಳೆದುಕೊಂಡು ಹೋಗುವ ತನಕ.

ಮನೆಗೆ ಬಂದ ಮೇಲೆ ಪುಟ್ಟಿ ಸೀದಾ ಅಡುಗೆಮನೆಗೆ ಹೋದಳು. ಕುಡಿದಿಟ್ಟ ಲೋಟಗಳು ರಾಶಿ ಬಿದ್ದಿದ್ದವು. ಅಣ್ಣ ಬಾಗಿಲಿಗೆ ಒರಗಿ ನಿಂತ.

"ಏನಂತೆ ಅವನದು? ಹುಬ್ಬಲ್ಲಿ ಏನು ನೋಡಿದ?"

"ಅಮ್ಮ ಮೆಟ್ಟಿಲಿಂದ ಬಿದ್ದಿದ್ದಳಲ್ಲ, ಆ ಗುರುತು."

"ಅದು ಅವನಿಗೆ ಹೆಂಗೆ ಗೊತ್ತು?"

"ಕಂಡಿರ್ತಾನೆ. ಪೌಡರ್ ಜಾಸ್ತಿ ಆಗಿತ್ತು, ಬಿಡು."

ಅಣ್ಣ ತಲೆ ಕೊಡವಿ ಹೋದ. ಅತ್ತಿಗೆ ಬುಟ್ಟಿಯಿಂದ ಚಾಕುಗಳನ್ನು ತಂದು ಒಂದೊಂದಾಗಿ ಜಾಗಕ್ಕೆ ಸೇರಿಸಿದಳು. ಆಮೇಲೆ ಮುಲಾಮಿನ ಟ್ಯೂಬೊಂದನ್ನು ಹುಡುಕಿ ತಂದು ಪುಟ್ಟಿಯ ಮುಂದೆ ಹಿಡಿದಳು.

"ಈಗಲೇ ಹಚ್ಕೋ. ಇಲ್ಲಾಂದ್ರೆ ಕಲೆ ಉಳ್ಕೊಂಡುಬಿಡತ್ತೆ."

"ಹ್ಞೂಂ," ಎಂದು ಪುಟ್ಟಿ ತೆಗೆದುಕೊಂಡಳು. ಅತ್ತಿಗೆಯ ಹೆಜ್ಜೆಸದ್ದು ಹಜಾರ ಸೇರುವ ತನಕ ಅದನ್ನು ಕೈಯಲ್ಲೇ ಹಿಡಿದಿದ್ದಳು. ಮುಂದಿನ ವರ್ಷವೂ ಅವನು ಮೊದಲು ಗುರುತು ನೋಡುತ್ತಾನೆ. ಆಮೇಲೆ ಮುಚ್ಚಳ ತೆರೆಯದೆಯೇ ಕಪಾಟಿನ ಮೇಲ್ಗಡೆ, ಡಬ್ಬಿಗಳ ಹಿಂದೆ ತಳ್ಳಿ, ತೋಳು ಮೇಲಕ್ಕೇರಿಸಿಕೊಂಡು ಲೋಟ ತೊಳೆಯಲು ನಿಂತಳು.