ಹ್ಯಾಟೆಯ ಕತ್ತಿನ ಗಂಟು

ಮೂವತ್ತು ವರ್ಷ ಕೋಳಿ ಅಂಗಡಿಯಲ್ಲಿ ಕತ್ತಿ ಹಿಡಿದು, ಹೋದ ವರ್ಷವಷ್ಟೇ ಬಾಗಿಲು ಹಾಕಿದ್ದ ಮನುಷ್ಯ ಅವನು. ಹಿತ್ತಲಿನ ಕೋಳಿಗಳು ಹೆಂಡತಿಯವು. ಅವನು ಅತ್ತ ತಲೆ ಹಾಕುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳು ಇನ್ನೂ ಮೊಟ್ಟೆಯಿಡದ ಮೂರು ತಿಂಗಳ ಹ್ಯಾಟೆಯೊಂದನ್ನು ಟವೆಲಿನಲ್ಲಿ ಸುತ್ತಿ ತಂದಳು. ಎರಡು ದಿನದಿಂದ ಅದು ಕಾಳು ಮುಟ್ಟದೆ, ರೆಕ್ಕೆ ಜೋಲುಬಿಟ್ಟು ಮೂಲೆ ಹಿಡಿದಿತ್ತು.

"ರೀ, ಸ್ವಲ್ಪ ನೋಡಿ. ಕೊಯ್ಯೋ ಮಾತು ಮಾತ್ರ ಎತ್ತಬೇಡಿ," ಎಂದಳು.

ಅವನು ಕತ್ತಿನ ಬುಡ ಮುಟ್ಟಿ ನೋಡಿದ. ನುಂಗಿದ ಕಾಳು ಮೊದಲು ಸೇರುವ ಚೀಲ ಕಲ್ಲಿನಂತಾಗಿತ್ತು.

"ಉದ್ದನೆ ಹುಲ್ಲು ತಿಂದು ಕಟ್ಕೊಂಡಿದೆ," ಎಂದ.

ಕೊಕ್ಕು ಬಿಡಿಸಿ ನಾಲ್ಕು ತೊಟ್ಟು ಎಣ್ಣೆ ಬಿಟ್ಟು, ಹೆಬ್ಬೆರಳಿನಿಂದ ಆ ಗಂಟನ್ನು ಮೆಲ್ಲಗೆ ನೀವತೊಡಗಿದ. ಅದರ ಎದೆಬಡಿತ ಬೆರಳಿಗೆ ತಾಗಿದಾಗ ಕೈ ಒಂದು ಗಳಿಗೆ ತಾನಾಗಿಯೇ ನಿಂತಿತು. ಯಾವ ಕೋಳಿಯನ್ನೂ ಅವನು ಅಷ್ಟು ಹೊತ್ತು ಹಿಡಿದವನಲ್ಲ. ಬರೀ ನೀರು ಕುಡಿಸುತ್ತ, ದಿನಕ್ಕೆ ನಾಲ್ಕು ಸಲದಂತೆ ಮೂರು ದಿನ ನೀವಿದ.

ನಾಲ್ಕನೆಯ ಬೆಳಿಗ್ಗೆ ಗಂಟು ಕರಗಿತ್ತು. ಹ್ಯಾಟೆ ಅವನ ಅಂಗೈಯಿಂದಲೇ ನೆನೆಸಿದ ಬ್ರೆಡ್ಡು ಕುಕ್ಕಿತು.

"ಈ ವೈದ್ಯ ಎಲ್ಲಿ ಕಲಿತ್ರಿ?" ಹೆಂಡತಿ ಕೇಳಿದಳು.

"ಒಳಗೆ ಎಲ್ಲೆಲ್ಲಿ ಏನಿರುತ್ತೆ ಅಂತ ಗೊತ್ತಿತ್ತು, ಅಷ್ಟೇ," ಎಂದು ಅವನು ಕೈ ತೊಳೆಯಲು ಎದ್ದ.